ಒಂದೇ ಎಸೆತಕ್ಕೆ ಬಂದವಳು

ಹನ್ನೊಂದು ವರ್ಷ ನಾನು ಸರ್ಕಾರಿ ಇಲಾಖೆಯೊಂದರ ತಂಡಕ್ಕೆ ಹ್ಯಾಂಡ್‌ಬಾಲ್ ಆಡಿದೆ ಎಂದು ಜನ ಹೇಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಆದರೆ ಬರೆಯಲು ಕೂತ ಮೇಲೆ ಸುಳ್ಳು ಹೇಳಬಾರದು, ಬಾಯಿಮಾತಿನಲ್ಲಿ ಸಾಕಷ್ಟು ಹೇಳಿಯಾಗಿದೆ. ಆ ಹನ್ನೊಂದು ವರ್ಷಗಳಲ್ಲಿ ಬಹುಪಾಲನ್ನು ನಾನು ಬೆಂಚಿನ ಮೇಲೆ ಕೂತು ಕಳೆದೆ. ನಾನು ತಂಡದ ಎರಡನೆಯ ಗೋಲ್‌ಕೀಪರ್ ಆಗಿದ್ದೆ. ಮೊದಲನೆಯವಳು ಕಾಲು ಮುರಿದುಕೊಂಡರೆ ಇರಲಿ ಎಂದು ಇಟ್ಟುಕೊಂಡವಳು. ಆಕೆ ಗಟ್ಟಿಮುಟ್ಟಾಗಿದ್ದಳು, ಕಾಲು ಮುರಿದುಕೊಳ್ಳಲಿಲ್ಲ.

ಈಗ ಬೆಳಗಾವಿಯ ಹಿಂಡಲಗಾ ರಸ್ತೆಯ ಕಡೆ ಒಂದು ಶಾಲೆಯಲ್ಲಿ ಹುಡುಗಿಯರಿಗೆ ಇದೇ ಆಟ ಕಲಿಸುತ್ತೇನೆ. ಅಪ್ಪ ನನ್ನ ಜೊತೆಗೇ ಇದ್ದಾನೆ. ಸಂಜೆ ಮೈದಾನಕ್ಕೆ ಬಂದು ಕಟ್ಟೆಯ ಮೇಲೆ ಕೂತು, ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರಿಗೆ ನನ್ನ ಆಟವನ್ನು ವರ್ಣಿಸುತ್ತಾನೆ. ಕಣ್ಣಾರೆ ನೋಡಿದ್ದೇನೆ ಎನ್ನುತ್ತಾನೆ. ಅವನು ಹೇಳುವ ಚೆಂಡಿನ ಒಂದೊಂದು ತಡೆಯೂ ನಿಜ, ಒಂದನ್ನೂ ಅವನು ಕಟ್ಟಿ ಹೇಳುವುದಿಲ್ಲ. ಆದರೆ ಅವು ನನ್ನವಲ್ಲ. ಇದನ್ನು ಅವನಿಗೆ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ಅಪ್ಪನಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಖಾನಾಪುರ. ಅಪ್ಪ ಅಲ್ಲಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಗೆ ಕಟ್ಟಿಗೆ ಹಾಕುವ ಕೆಲಸಕ್ಕಿದ್ದ. ಅಜ್ಜನ ಕಾಲಕ್ಕೆ ಕುರಿ ಇದ್ದವಂತೆ, ನಾನು ಕಂಡದ್ದು ಬರೀ ಹಂಚು. ನಾನು ಆರು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಮನೆಯಲ್ಲಿ ಉಳಿದವರು ನಾವಿಬ್ಬರೇ. ಶಾಲೆ ಬಿಟ್ಟ ಮೇಲೆ ನನ್ನನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲಾರದೆ ಅಪ್ಪ ಕಾರ್ಖಾನೆಗೆ ಬರಹೇಳುತ್ತಿದ್ದ. ಲಾರಿಗೆ ಹಂಚು ತುಂಬುವ ಹೆಂಗಸರು ಸಾಲಾಗಿ ನಿಂತು ಒಬ್ಬರಿಂದೊಬ್ಬರಿಗೆ ಹಂಚು ಎಸೆಯುತ್ತಿದ್ದರು. ಎಣಿಕೆ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ. ಯಾರಾದರೂ ನೀರು ಕುಡಿಯಲು ಹೋದರೆ ಆ ಜಾಗಕ್ಕೆ ನಾನು ನಿಲ್ಲುತ್ತಿದ್ದೆ. ಹಂಚು ಹಿಡಿಯುವಾಗ ಕೈ ಬಿಗಿ ಹಿಡಿಯಬಾರದು. ಅದು ಬರುವ ವೇಗದ ಜೊತೆಗೇ ಕೈಯನ್ನೂ ಹಿಂದಕ್ಕೆ ತಂದುಕೊಳ್ಳಬೇಕು, ಇಲ್ಲದಿದ್ದರೆ ಹಂಚೂ ಒಡೆಯುತ್ತದೆ, ಉಗುರೂ ಹೋಗುತ್ತದೆ. ಹತ್ತು ವರ್ಷದವಳಾಗುವಷ್ಟರಲ್ಲಿ ನನಗೆ ಅದು ಚೆನ್ನಾಗಿ ಕೈಗೆ ಹತ್ತಿತ್ತು. ಹೈಸ್ಕೂಲಿನ ಆಟದ ಮಾಸ್ತರರು ಹ್ಯಾಂಡ್‌ಬಾಲ್ ತಂಡ ಕಟ್ಟಿದಾಗ, ಎಸೆದ ಚೆಂಡನ್ನೆಲ್ಲ ಹಿಡಿಯುವ ಈ ಹುಡುಗಿಯನ್ನು ನೋಡಿ ನೇರ ಗೋಲಿನ ಮುಂದೆ ನಿಲ್ಲಿಸಿಬಿಟ್ಟರು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಎರಡೂ ಕಡೆ ಏಳೇಳು ಜನ. ಆರು ಜನ ಓಡುತ್ತಾರೆ, ಕೈಯಲ್ಲಿ ಚೆಂಡು ಎಸೆದು ಗೋಲು ಹೊಡೆಯುತ್ತಾರೆ. ಏಳನೆಯವಳು ಗೋಲಿನ ಮುಂದೆ ನಿಂತು ಮೈಯಿಂದಲೋ ಕೈಕಾಲಿನಿಂದಲೋ ತಡೆಯಬೇಕು. ಗೋಲಿನ ಎದುರಿಗೆ ಗೆರೆ ಹಾಕಿರುತ್ತಾರೆ. ಆ ಗೆರೆಯೊಳಗೆ ನೆಲಕ್ಕೆ ಕಾಲಿಡಲು ಬೇರೆ ಯಾರಿಗೂ ಅನುಮತಿಯಿಲ್ಲ. ಅಷ್ಟು ಜಾಗ ಅವಳೊಬ್ಬಳದೇ.

ಬೆಳಗಾವಿಯ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಿ ಬಂದ ಮೊದಲ ವಾರವೇ ನಾನು ಒಂದು ಎಡವಟ್ಟು ಮಾಡಿಕೊಂಡೆ. ದೊಡ್ಡ ಹುಡುಗಿಯರು ಎಸೆದ ಚೆಂಡನ್ನು ಹಂಚು ಹಿಡಿದಂತೆ ಹಿಡಿಯಲು ಹೋದೆ. ಬಲಗೈಯ ಉಂಗುರದ ಬೆರಳು ಹಿಂದಕ್ಕೆ ಮಡಚಿಕೊಂಡಿತು. ಕೋಚ್ ಸಿಟ್ಟಿನಿಂದ, ನಿನಗೆ ಹಿಡಿ ಎಂದು ಹೇಳಿದವರು ಯಾರು ಎಂದು ಕೇಳಿದರು. ಈ ಆಟದಲ್ಲಿ ಗೋಲ್‌ಕೀಪರ್ ಚೆಂಡು ಹಿಡಿಯಲು ಹೋಗುವುದಿಲ್ಲ, ಅಡ್ಡ ನಿಂತು ಪೆಟ್ಟು ತಿನ್ನುತ್ತಾಳೆ ಅಷ್ಟೇ. ನಾಲ್ಕು ವರ್ಷದಲ್ಲಿ ಕಲಿತದ್ದನ್ನು ಮರೆಯಲು ನನಗೆ ಇನ್ನೊಂದು ನಾಲ್ಕು ವರ್ಷ ಹಿಡಿಯಿತು. ಉಳಿದ ಹುಡುಗಿಯರು ಜೊತೆಜೊತೆಯಾಗಿ ಪಾಸ್ ಕೊಡುತ್ತ ಓಡುತ್ತಿದ್ದರೆ, ನಾನು ಮೈದಾನದ ಮೂಲೆಯಲ್ಲಿ ಗೋಡೆಯ ಮುಂದೆ ಕಾಲು ಎತ್ತಿ ಎತ್ತಿ ಬೀಸುತ್ತಿದ್ದೆ. ಊಟದ ಹೊತ್ತಿಗೆ ಅವರಿಗೆಲ್ಲ ಮಾತಾಡಲು ನೂರು ವಿಷಯ ಇರುತ್ತಿದ್ದವು. ನನ್ನ ಹತ್ತಿರ ಗೋಡೆಯ ಸುದ್ದಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ನನಗೂ ಸೊಕ್ಕು ಕಡಿಮೆಯೇನಿರಲಿಲ್ಲ. ಕೇಳದೆ ಯಾರ ಹತ್ತಿರವೂ ಹೋಗಿ ಕೂರುತ್ತಿರಲಿಲ್ಲ.

ಹತ್ತೊಂಬತ್ತಕ್ಕೆ ಒಂದು ಇಲಾಖೆಯ ತಂಡದಲ್ಲಿ ನೌಕರಿ ಸಿಕ್ಕಿತು. ತಂಡವಿದ್ದದ್ದು ದೂರದ ಉತ್ತರ ಭಾರತದ ಊರಿನಲ್ಲಿ. ಬೆಳಿಗ್ಗೆ ಅಭ್ಯಾಸ, ಹನ್ನೊಂದರಿಂದ ನಾಲ್ಕರವರೆಗೆ ಕಚೇರಿಯಲ್ಲಿ ಫೈಲು ಜೋಡಿಸುವುದು, ಸಂಜೆ ಮತ್ತೆ ಅಭ್ಯಾಸ. ಅಪ್ಪ ಕಾರ್ಖಾನೆಗೆಲ್ಲ ಪೇಢೆ ಹಂಚಿದನಂತೆ. ಆ ತಂಡಕ್ಕೆ ಹೋಗಿ ನೋಡಿದರೆ ಗೋಲ್‌ಕೀಪರ್ ಆಗಲೇ ಇದ್ದಳು. ನನಗಿಂತ ಮೂರು ವರ್ಷ ದೊಡ್ಡವಳು, ನನ್ನಷ್ಟೇ ಎತ್ತರ, ನನ್ನಂಥದೇ ಕಟ್ಟು. ಹರಿಯಾಣದ ಕಡೆಯವಳು. ನನಗೂ ಅವಳಿಗೂ ಒಂದೇ ಕೋಣೆ ಕೊಟ್ಟರು. ಒಳ್ಳೆಯವಳು. ಚಳಿಗಾಲದಲ್ಲಿ ತನ್ನ ರಜಾಯಿ ನನಗೆ ಹೊದಿಸಿದ್ದಾಳೆ, ನನ್ನ ಮುರುಕು ಹಿಂದಿಯನ್ನು ಕೇಳಿ ಒಂದು ದಿನವೂ ನಗಲಿಲ್ಲ. ಆದರೂ ನಾವು ಗೆಳತಿಯರಾಗಲಿಲ್ಲ. ಹೇಗೆ ಆಗುವುದು? ಅವಳು ಆಡುವ ತನಕ ನಾನು ಕೂರಬೇಕು. ಒಮ್ಮೆ ಅಭ್ಯಾಸದಲ್ಲಿ ಅವಳ ಪಾದ ಉಳುಕಿತು. ನಾನು ಓಡಿಹೋಗಿ ಐಸು ತಂದೆ, ಕಟ್ಟಿದೆ, ಸಮಾಧಾನದ ಮಾತನ್ನೂ ಆಡಿದೆ. ಒಳಗೊಳಗೆ ನನಗೆ ಖುಷಿಯಾಗಿತ್ತು. ಎರಡೇ ದಿನಕ್ಕೆ ಅವಳು ಎದ್ದು ಓಡಿದಳು. ನನ್ನ ಬಗ್ಗೆ ನನಗೇ ಹೇಸಿಗೆಯಾಗಿ ಒಂದು ವಾರ ಅವಳ ಮುಖ ನೋಡಲಾಗಲಿಲ್ಲ.

ಎರಡನೆಯ ಗೋಲ್‌ಕೀಪರಿಗೆ ಒಂದೇ ಒಂದು ಕೆಲಸವಿರುತ್ತದೆ. ಎದುರಾಳಿಗೆ ಏಳು ಮೀಟರಿನ ಎಸೆತ ಸಿಕ್ಕಾಗ, ಅಂದರೆ ಅಡ್ಡ ಯಾರೂ ಇಲ್ಲದೆ ಗೋಲಿನ ಎದುರು ನಿಂತು ಎಸೆಯುವ ದಂಡದ ಎಸೆತ ಸಿಕ್ಕಾಗ, ಕೆಲವು ಕೋಚುಗಳು ಆ ಒಂದು ಎಸೆತಕ್ಕೆ ಮಾತ್ರ ಎರಡನೆಯವಳನ್ನು ಒಳಗೆ ಕಳಿಸುತ್ತಾರೆ. ಎಸೆಯುವವಳು ಅಲ್ಲಿಯ ತನಕ ನೋಡಿದ್ದು ಬೇರೆಯವಳನ್ನು, ಹೊಸ ಮುಖ ಕಂಡರೆ ಲೆಕ್ಕ ತಪ್ಪಲಿ ಎಂದು. ಕೋಚ್ ನನ್ನತ್ತ ಬೆರಳು ತೋರಿಸಿದರೆ ನಾನು ಜಾಕೆಟ್ ಬಿಚ್ಚಿ ಓಡುತ್ತಿದ್ದೆ. ಮೊದಲನೆಯವಳು ಹೊರಗೆ ಬಂದ ಮೇಲೆ ನಾನು ಒಳಗೆ. ಒಂದು ಸೀಟಿ, ಒಂದು ಎಸೆತ. ತಡೆದರೂ ಬಿಟ್ಟರೂ ಮತ್ತೆ ಓಡಿ ಬೆಂಚಿಗೆ. ಮೈ ಬಿಸಿಯಾಗುವ ಮೊದಲೇ ಮುಗಿದಿರುತ್ತಿತ್ತು. ಕೆಲವು ಪಂದ್ಯಗಳಲ್ಲಿ ಎರಡು ಸಲ ಹೋಗಿಬರುತ್ತಿದ್ದೆ, ಎಷ್ಟೋ ಪಂದ್ಯಗಳಲ್ಲಿ ಒಂದು ಸಲವೂ ಇಲ್ಲ. ಒಗೆಯಲು ಹಾಕುವಾಗ ನನ್ನ ಅಂಗಿಗೆ ಬೆವರಿನ ವಾಸನೆಯೇ ಇರುತ್ತಿರಲಿಲ್ಲ. ಅದನ್ನು ಉಳಿದವರ ಅಂಗಿಗಳ ನಡುವೆ ಬೇಗಬೇಗ ತುರುಕುತ್ತಿದ್ದೆ.

ಸುಳ್ಳು ಶುರುವಾದದ್ದು ಫೋನಿನಲ್ಲಿ. ಭಾನುವಾರ ಸಂಜೆ ಅಪ್ಪನಿಗೆ ಫೋನು ಮಾಡುವುದು ರೂಢಿ. ತಂಡದ ಮೊದಲ ಪಂದ್ಯಾವಳಿ ಮುಗಿದ ವಾರ ಅಪ್ಪ, ಎಷ್ಟು ಬಾಲು ತಡೆದೆ ಎಂದು ಕೇಳಿದ. ಆಡಲಿಲ್ಲ, ಕೂತಿದ್ದೆ ಎನ್ನಬೇಕಿತ್ತು. ಅಪ್ಪನ ಹಿಂದೆ ಕಾರ್ಖಾನೆಯ ನಾಲ್ಕು ಜನ ಸುಮ್ಮನೆ ನಿಂತು ಕೇಳುತ್ತಿದ್ದಾರೆ ಎಂದು ಉಸಿರಿನಿಂದಲೇ ಗೊತ್ತಾಗುತ್ತಿತ್ತು. ಹನ್ನೆರಡು ಎಂದೆ. ಅದು ಮೊದಲನೆಯವಳು ತಡೆದದ್ದು. ಅತ್ತಲಿಂದ ಯಾರೋ ಶಹಬ್ಬಾಸ್ ಎಂದರು.

ಆಮೇಲೆ ಬಿಡುವುದು ಕಷ್ಟವಾಯಿತು. ಅಪ್ಪನಿಗೆ ಸಂಖ್ಯೆ ಸಾಲದು, ಹೇಗೆ ತಡೆದೆ ಎಂದು ಹೇಳಬೇಕು. ನಾನು ಹೇಳುತ್ತಿದ್ದೆ. ಎಡಗಡೆಯಿಂದ ಹಾರಿ ಬಂದವಳನ್ನು ಹೇಗೆ ಕಾಲು ಚಾಚಿ ತಡೆದೆ, ಕೊನೆಯ ನಿಮಿಷದಲ್ಲಿ ಭುಜಕ್ಕೆ ಬಡಿಸಿಕೊಂಡು ಹೇಗೆ ಹೊರಗೆ ಹಾಕಿದೆ ಎಂದೆಲ್ಲ. ಅದೆಲ್ಲ ಬಾಯಿಪಾಠ ಆಗಿತ್ತು. ಅವಳ ಆಟವನ್ನು ನನ್ನಷ್ಟು ಗಮನ ಕೊಟ್ಟು ನೋಡಿದವರು ಇನ್ನೊಬ್ಬರಿಲ್ಲ, ಬೆಂಚಿನ ಮೇಲೆ ನನಗೆ ಬೇರೆ ಕೆಲಸವೇನಿತ್ತು? ಕೆಲವು ಪಂದ್ಯಗಳು ಮೊಬೈಲಿನಲ್ಲಿ ನೇರ ಬರುತ್ತಿದ್ದವು. ಅಪ್ಪನದು ಗುಂಡಿ ಒತ್ತುವ ಫೋನು. ಹೊಸ ಫೋನು ಕೊಡಿಸು ಎಂದು ಅವನು ಕೇಳಲಿಲ್ಲ, ನಾನೂ ಕೊಡಿಸಲಿಲ್ಲ. ಕೊಡಿಸದೆ ಇದ್ದದ್ದು ಯಾಕೆ ಎಂದು ನನಗೆ ಗೊತ್ತಿದೆ.

ಒಂಬತ್ತನೆಯ ವರ್ಷ ಇಲಾಖಾ ತಂಡಗಳ ಪಂದ್ಯಾವಳಿ ಬೆಳಗಾವಿಯಲ್ಲೇ ಎಂದು ಗೊತ್ತಾಯಿತು. ತಂಡದವರೆಲ್ಲ ನನ್ನ ಬೆನ್ನು ತಟ್ಟಿದರು, ನಿನ್ನ ಊರಿಗೇ ಹೋಗುತ್ತಿದ್ದೇವೆ ಎಂದು. ನನಗೆ ಊಟ ಸೇರಲಿಲ್ಲ. ಸುದ್ದಿ ಮುಚ್ಚಿಡಬಹುದಿತ್ತು. ಆದರೆ ಖಾನಾಪುರದ ನನ್ನ ಹಳೆಯ ಮಾಸ್ತರರು ಅಪ್ಪನಿಗೆ ಆಗಲೇ ಹೇಳಿಬಿಟ್ಟಿದ್ದರು. ಅಪ್ಪ ತಾನೇ ಫೋನು ಮಾಡಿ, ಬುಧವಾರದ ಪಂದ್ಯಕ್ಕೆ ರಜೆ ಹಾಕಿದ್ದೇನೆ, ಕಾರ್ಖಾನೆಯ ಉಳಿದವರಿಗೆ ರಜೆ ಸಿಗಲಿಲ್ಲ, ಒಬ್ಬನೇ ಬರುತ್ತೇನೆ ಎಂದ. ಅವನ ದನಿಯಲ್ಲಿ ಒಂಬತ್ತು ವರ್ಷ ಕಾದವನ ಸಂಭ್ರಮವಿತ್ತು.

ಬೆಳಗಾವಿಗೆ ಬಂದಿಳಿದು ಕೋಟೆಯ ಹತ್ತಿರದ ವಸತಿಗೃಹದಲ್ಲಿ ಉಳಿದೆವು. ಮನೆ ಮುಕ್ಕಾಲು ಗಂಟೆಯ ದಾರಿ. ಕೋಚ್, ಬೇಕಾದರೆ ಹೋಗಿ ಬಾ ಎಂದರು. ನಾನೇ ಮೈ ಹುಷಾರಿಲ್ಲ ಎಂದು ಹೋಗಲಿಲ್ಲ. ಮಂಗಳವಾರ ಸಂಜೆ ಹೇಳಿಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿ ಫೋನು ಹಚ್ಚಿದೆ. ಯಪ್ಪಾ, ಒಂದು ಮಾತು ಹೇಳಬೇಕು ಎನ್ನುವಷ್ಟರಲ್ಲಿ ಅವನೇ ಕೇಳಿದ.

“ಯವ್ವಾ, ಎಲ್ಲಾರೂ ಒಂದ ನಮೂನಿ ಅಂಗಿ ಹಾಕ್ಕೊಂಡಿರ್ತಾರ. ನನ್ನ ಕಣ್ಣು ಬ್ಯಾರೆ ಮಂಜಾಗ್ಯಾವು. ನೀ ಯಾವಾಕಿ ಅಂತ ಹೆಂಗ ತಿಳೀಬೇಕು?”

ಭಟ್ಟಿಯ ಬಾಯಿಯ ಮುಂದೆ ಮೂವತ್ತು ವರ್ಷ ನಿಂತ ಕಣ್ಣುಗಳವು. ಒಂದರಲ್ಲಿ ಆಗಲೇ ಪೊರೆ ಬಂದಿತ್ತು.

“ಗೋಲಿನ ಮುಂದ ನಿಂತಿರ್ತೀನಿ,” ಎಂದೆ. “ನಂದು ಹಳದಿ ಅಂಗಿ. ಉಳಿದೋರದೆಲ್ಲಾ ನೀಲಿ.”

ಹೇಳಬೇಕೆಂದಿದ್ದ ಮಾತು ಏನೆಂದು ಅವನು ಕೇಳಲಿಲ್ಲ. ನಾನು ಫೋನು ಇಟ್ಟೆ.

ಬುಧವಾರ ಬೆಳಿಗ್ಗೆ ಮರ್ಯಾದೆ ಬಿಟ್ಟು ಕೋಚ್ ಹತ್ತಿರ ಹೋದೆ. ಒಂಬತ್ತು ವರ್ಷದಲ್ಲಿ ನಾನು ಅವರ ಹತ್ತಿರ ಏನನ್ನೂ ಕೇಳಿರಲಿಲ್ಲ. ಅಪ್ಪ ಬರುತ್ತಾನೆ, ಹತ್ತು ನಿಮಿಷ ಆಡಿಸಿ ಎಂದೆ. ಅವರು ಬೈಯಲಿಲ್ಲ. ಅಪ್ಪಂದಿರು ಎಲ್ಲರಿಗೂ ಇದ್ದಾರೆ, ಇವತ್ತು ಗೆದ್ದರೆ ಮಾತ್ರ ಸೆಮಿಫೈನಲ್, ಬೇಕಾದಾಗ ಕರೆಯುತ್ತೇನೆ ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆ ಹೊತ್ತಿಗೆ ಮಾತ್ರ ಅವರ ಮೇಲೆ ಬಂದಷ್ಟು ಸಿಟ್ಟು ಇನ್ನಾರ ಮೇಲೂ ಬಂದಿರಲಿಲ್ಲ.

ಒಳಾಂಗಣ ಕ್ರೀಡಾಂಗಣದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ. ಜನ ಹೆಚ್ಚಿರಲಿಲ್ಲ. ಅಪ್ಪ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ಬಾಗಿಲಿನ ಪಕ್ಕ ಕೂತಿದ್ದ. ಬಿಳಿ ಟೋಪಿ, ಹೆಗಲ ಮೇಲೆ ಟವೆಲು, ತೊಡೆಯ ಮೇಲೆ ಒಂದು ಕೈಚೀಲ. ಕೆಳಗೆ ಬಂದು ಕೂರು ಎನ್ನಲು ನಾನು ಹೋಗಲಿಲ್ಲ. ಹಳದಿ ಅಂಗಿಯ ಮೇಲೆ ಜಾಕೆಟ್ ಹಾಕಿ ಕೊರಳ ತನಕ ಜಿಪ್ ಎಳೆದುಕೊಂಡೆ, ತಲೆಯ ಮೇಲೆ ಟವೆಲು ಹೊದ್ದುಕೊಂಡು ಬೆಂಚಿನ ಕೊನೆಯಲ್ಲಿ ಕೂತೆ. ಅಪ್ಪ ನನ್ನನ್ನು ಗೋಲಿನ ಮುಂದೆ ಹುಡುಕುತ್ತಾನೆ, ಇಲ್ಲವೆಂದು ತಿಳಿಯುತ್ತಾನೆ, ಬೆಂಚಿನತ್ತ ನೋಡುತ್ತಾನೆ. ಅಷ್ಟು ಹೊತ್ತು ಮುಖ ಮುಚ್ಚಿಕೊಂಡಿದ್ದರೆ ಸಾಕು ಎನ್ನಿಸಿತ್ತು. ಒಂಬತ್ತು ವರ್ಷದ ಮಾತಿಗೆ ಒಂದು ಟವೆಲು ಅಡ್ಡ ಹಿಡಿದಿದ್ದೆ.

ಪಂದ್ಯ ಶುರುವಾಯಿತು. ಗೋಲಿನ ಮುಂದಿದ್ದ ಅವಳು ಮೊದಲ ಚೆಂಡನ್ನು ಮೊಣಕೈಯಿಂದ ಹೊರಗೆ ತಳ್ಳಿದಳು. ಎಲ್ಲರ ಚಪ್ಪಾಳೆ ನಿಂತ ಮೇಲೆ ಮೇಲಿನ ಸಾಲಿನಿಂದ ಒಂದು ಚಪ್ಪಾಳೆ ಬಂತು. ಎರಡನೆಯ ತಡೆಗೂ ಹಾಗೆಯೇ. ಮೂರನೆಯ ತಡೆಗೆ ಟವೆಲಿನ ಸಂದಿಯಿಂದ ಕದ್ದು ನೋಡಿದೆ. ಅಪ್ಪ ಎದ್ದು ನಿಂತಿದ್ದ. ಪಕ್ಕದವರಿಗೆ ಗೋಲಿನತ್ತ ಕೈ ಮಾಡಿ ಏನೋ ಹೇಳುತ್ತಿದ್ದ, ಆಮೇಲೆ ತನ್ನ ಎದೆಯನ್ನು ಮುಟ್ಟಿ ತೋರಿಸಿದ. ಅಪ್ಪ ಅವಳನ್ನು ನಾನೆಂದು ತಿಳಿದಿದ್ದಾನೆ ಎಂದು ಆಗ ಹೊಳೆಯಿತು. ಒಂದು ತಂಡದ ಇಬ್ಬರು ಗೋಲ್‌ಕೀಪರುಗಳಿಗೂ ಒಂದೇ ಬಣ್ಣದ ಅಂಗಿ ಎಂದು ಅವನಿಗೇನು ಗೊತ್ತು? ಹಳದಿ ಅಂಗಿಯವಳು ನಾನು ಎಂದು ಹೇಳಿದವಳು ನಾನೇ ಅಲ್ಲವೇ?

ಮೊದಲು ನನಗೆ ಬಂದದ್ದು ನಿರಾಳ. ಸಿಕ್ಕಿಬೀಳಲಿಲ್ಲ, ಉಳಿದೆ. ಭುಜ ಸಡಿಲವಾಯಿತು, ನೀರು ಕುಡಿದೆ. ಅದು ಸ್ವಲ್ಪ ಹೊತ್ತು. ಅವಳು ಅಂದು ಬಹಳ ಚೆನ್ನಾಗಿ ಆಡಿದಳು. ಅಪ್ಪ ಪ್ರತಿ ಸಲ ಎದ್ದ, ಪ್ರತಿ ಸಲ ಕೂತ. ಅಪ್ಪ ಯಾರಿಗಾದರೂ ಅಷ್ಟು ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿರಲಿಲ್ಲ. ನೋಡುತ್ತ ನೋಡುತ್ತ ನನಗೆ ಅಳು ಒತ್ತರಿಸಿತು. ನನ್ನ ಅಪ್ಪ ಅಷ್ಟು ಹತ್ತಿರದಲ್ಲಿದ್ದು, ಆ ಕಟ್ಟಡದಲ್ಲಿ ನನ್ನ ಕಡೆ ನೋಡುವವರು ಒಬ್ಬರೂ ಇರಲಿಲ್ಲ.

ಎರಡನೆಯ ಅರ್ಧ ಮುಗಿಯಲು ನಾಲ್ಕು ನಿಮಿಷ ಇತ್ತು, ಎರಡೂ ಕಡೆ ಗೋಲು ಸಮ. ನಮ್ಮವಳೊಬ್ಬಳು ಎದುರಾಳಿಯನ್ನು ಹಿಂದಿನಿಂದ ಎಳೆದಳು. ಏಳು ಮೀಟರಿನ ಎಸೆತ. ಕೋಚ್ ನನ್ನತ್ತ ಬೆರಳು ತೋರಿಸಿದರು.

ಜಾಕೆಟಿನ ಜಿಪ್ ಸಿಕ್ಕಿಹಾಕಿಕೊಂಡಿತು. ತಲೆಯ ಮೇಲಿನಿಂದ ಕಿತ್ತು ಎಸೆದು ಓಡಿದೆ. ಈಗ ಅವನಿಗೆ ತಿಳಿಯುತ್ತದೆ, ತಿಳಿಯಲಿ ಎನ್ನಿಸಿತು. ಎಲ್ಲವೂ ಹೋಗಲಿ, ಈ ಒಂದನ್ನು ಮಾತ್ರ ಅಪ್ಪ ನೋಡಲಿ ಎಂದು ನಿಜವಾಗಿಯೂ ಬೇಡಿಕೊಂಡೆ. ಗೋಲಿನಿಂದ ಎರಡು ಹೆಜ್ಜೆ ಮುಂದೆ ಬಂದು ನಿಂತೆ. ಎಸೆಯುವವಳು ಎಡಚಿ. ಸೀಟಿ ಕೇಳಿಸಿತು. ಅವಳು ಎಸೆಯುವಂತೆ ಕೈಯನ್ನು ಮೇಲೆ ತಂದು ಅಲ್ಲೇ ನಿಲ್ಲಿಸಿದಳು, ನಾನು ಅಲುಗಲಿಲ್ಲ. ಆಮೇಲೆ ಕೆಳಗೆ, ನನ್ನ ಎಡಗಾಲಿನ ಪಕ್ಕಕ್ಕೆ ಎಸೆದಳು. ಕಾಲು ಚಾಚಿದೆ. ಮೊಣಕಾಲಿನ ಕೆಳಗೆ, ಎಲುಬಿಗೇ ಬಡಿಯಿತು. ಚೆಂಡು ಗೋಲಿನ ಕಂಬದ ಹೊರಗೆ ಹೋಯಿತು. ನಮ್ಮ ಬೆಂಚಿಗೆ ಬೆಂಚೇ ಎದ್ದು ಕೂಗಿತು. ನನ್ನ ಹನ್ನೊಂದು ವರ್ಷಗಳಲ್ಲಿ ಅದಕ್ಕಿಂತ ಒಳ್ಳೆಯ ತಡೆ ಇಲ್ಲ.

ನಾನು ಮೇಲಿನ ಸಾಲಿನತ್ತ ತಲೆಯೆತ್ತಿದೆ. ಅಪ್ಪ ಎದ್ದು ನಿಂತಿದ್ದ. ಆದರೆ ಚಪ್ಪಾಳೆ ತಟ್ಟುತ್ತಿರಲಿಲ್ಲ. ಕಣ್ಣಿನ ಮೇಲೆ ಅಂಗೈ ಅಡ್ಡ ಹಿಡಿದು ನಮ್ಮ ಬೆಂಚಿನ ಕಡೆ ನೋಡುತ್ತಿದ್ದ, ಹೊರಗೆ ಬಂದು ನಿಂತಿದ್ದ ಅವಳನ್ನು. ಮಗಳಿಗೆ ಏನಾಯಿತು ಎಂದು ಗಾಬರಿಯಾಗಿದ್ದ. ನಾನು ಓಡಿ ಬೆಂಚಿಗೆ ಬಂದೆ, ಅವಳು ಓಡಿ ಒಳಗೆ ಹೋದಳು. ಅಪ್ಪ ಕೂತುಕೊಂಡ.

ಒಂದು ಗೋಲಿನಿಂದ ಗೆದ್ದೆವು. ಎಲ್ಲರೂ ಅವಳನ್ನು ಎತ್ತಿಕೊಂಡರು, ಯಾರೋ ನನ್ನ ತಲೆಯನ್ನೂ ಸವರಿದರು. ನಾನು ಮುಖ ತೊಳೆದು, ಜಾಕೆಟ್ ಹಾಕಿಕೊಂಡು ಹೊರಗೆ ಬಂದೆ. ಅಪ್ಪ ಗೇಟಿನ ಬಳಿ ಬೇವಿನ ಮರದ ಕೆಳಗೆ ಕಾಯುತ್ತಿದ್ದ. ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಗಿದ್ದವು. ಆಮೇಲೆ ಒಂದೊಂದೇ ತಡೆಯನ್ನು ಹೇಳುತ್ತ ಹೋದ, ನಾನೇ ನೋಡಿಲ್ಲವೇನೋ ಎನ್ನುವಂತೆ. ಚೀಲದಿಂದ ಬೇಯಿಸಿದ ಗೆಣಸಿನ ಗಂಟು ತೆಗೆದು ನನ್ನ ಕೈಗಿಟ್ಟ. ಬೆಳಿಗ್ಗೆ ಎದ್ದು ಬೇಯಿಸಿದ್ದು, ಆರಿತ್ತು.

“ನಡಕ ಒಮ್ಮಿ ನಿನ್ನ ಯಾಕ ಹೊರಗ ಕರದ್ರು? ಏನಾರ ಪೆಟ್ಟಾತೇನು ಅಂತ ನನ್ನ ಜೀವಾನ ಹೋಗಿತ್ತು.”

ಪೆಟ್ಟೇನಿಲ್ಲ, ಅಂಥ ಎಸೆತಕ್ಕೆ ಇನ್ನೊಬ್ಬಳನ್ನು ಕಳಿಸುವ ಪದ್ಧತಿ ಇದೆ ಎಂದೆ. ಹೇಳುವುದಾದರೆ ಆಗಲೇ ಹೇಳಬೇಕಿತ್ತು. ನನ್ನ ಎಡಗಾಲು ಬಾತು ಪ್ಯಾಂಟಿಗೆ ಒತ್ತುತ್ತಿತ್ತು. ಎತ್ತಿ ತೋರಿಸಿದ್ದರೆ ಸಾಕಿತ್ತು, ಮಾತು ಕೂಡ ಬೇಕಿರಲಿಲ್ಲ. ಅಪ್ಪನ ಮುಖ ನೋಡಿದೆ. ಅಷ್ಟು ತುಂಬಿದ ಮುಖದಿಂದ ಆ ಸಂತೋಷವನ್ನು ಕಸಿದುಕೊಳ್ಳಲು ನನ್ನಿಂದ ಆಗಲಿಲ್ಲ.

ಬಸ್ ಸ್ಟ್ಯಾಂಡಿನ ತನಕ ಜೊತೆಗೆ ನಡೆದೆವು. ಖಾನಾಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಅಪ್ಪ ಏನೋ ನೆನಪಾದವನಂತೆ ಗಂಟಿನಿಂದ ಎರಡು ದೊಡ್ಡ ಗೆಣಸು ಆರಿಸಿ ಬೇರೆ ಇಟ್ಟ.

“ಇವನ್ನ ಆ ಹುಡುಗಿಗೆ ಕೊಡು. ಒಂದ ಬಾಲಿಗೆ ಬಂದು ಹೋದ್ಲು, ಪಾಪ. ಆದ್ರ ಚಂದ ತಡದ್ಲು ನೋಡು. ತಡದ ಮ್ಯಾಲ ಯಾರೂ ಆಕಿ ಕಡೆ ನೋಡಲೇ ಇಲ್ಲ, ನಾನೂ ನಿನ್ನ ನೋಡ್ಕೋತ ನಿಂತ್ನಿ.” ಗಂಟನ್ನು ಮತ್ತೆ ಕಟ್ಟುತ್ತ ಕೇಳಿದ, “ಆಕಿ ಅಪ್ಪ ಬಂದಿದ್ನೇನು ನೋಡಾಕ?”

“ಬಂದಿದ್ದ,” ಎಂದೆ.

“ಚಲೋ ಆತು ಬಿಡು. ಒಂದ ಬಾಲ್ ಆದ್ರೂ ಮಗಳ ಆಟ ನೋಡಿದ.”